ಉಳಿದ ಕರೆಂಟು

ಕೆಂಚನಹಾಳಿಗೆ ಕ್ರೇನು ಬಂದ ದಿನ ಮೊದಲು ಅದಕ್ಕೆ ಪೂಜೆಯಾಯಿತು. ಆಗದೆ ಇರುತ್ತದೆಯೇ? ಹೊಸಪೇಟೆಯಿಂದ ದಾರಿಯುದ್ದಕ್ಕೂ ಧೂಳೆಬ್ಬಿಸುತ್ತ ಬಂದ ದೊಡ್ಡ ಯಂತ್ರ. ಹಾಲೇಶಪ್ಪ ಸಾವ್ಕಾರನ ಹೆಂಡತಿ ದಾಕ್ಷಾಯಣಮ್ಮ ಆರತಿ ಬೆಳಗಿದಳು. ಗುತ್ತೇದಾರ ಗುರುಸಂಗಪ್ಪ ಕ್ರೇನಿನ ಉದ್ದನೆಯ ತೋಳಿಗೆ ವಿಭೂತಿ ಬಳಿದ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟ, ಮಲ್ಲಿಗೆ ಮಾಲೆ ಹಾಕಿದ, ಕಾಯಿ ಒಡೆದ. ಇದೆಲ್ಲ ಮುಗಿಯುವ ತನಕ ಮಾದಿಗರ ಕೇರಿಯವರು ಬೇವಿನ ಮರದಾಚೆ ನಿಂತಿರಬೇಕಿತ್ತು. ಪೂಜೆಯ ಹೊತ್ತಿನಲ್ಲಿ ಅವರು ಕಬ್ಬಿಣ ಮುಟ್ಟಿದರೆ ಮೈಲಿಗೆ. ಪೂಜೆ ಮುಗಿದ ಮರುಗಳಿಗೆ ಅದೇ ಕಬ್ಬಿಣ ತಬ್ಬಿಕೊಳ್ಳಲು ಅವರೇ ಬೇಕು. ಆ ಕಬ್ಬಿಣದ ಮಡಿ ಎಷ್ಟು ಸಲೀಸು ನೋಡಿ, ಕೆಲಸ ಶುರುವಾದೊಡನೆ ಬಿಟ್ಟುಹೋಗುತ್ತದೆ.

ಇದು ಎಂಬತ್ಮೂರರ ಬೇಸಿಗೆ. ಮಾಗಳದ ಹತ್ತಿರ ಹೊಳೆಯಿಂದ ನೀರೆತ್ತಿ ಮೇಲಿನ ಹೊಲಗಳಿಗೆ ಹರಿಸುವ ಸರ್ಕಾರದ ಕೆಲಸ ನಡೆದಿತ್ತು. ಮನುಷ್ಯ ಬಗ್ಗಿ ಒಳಗೆ ನಡೆದು ಹೋಗುವಷ್ಟು ದಪ್ಪದ ಕಬ್ಬಿಣದ ಪೈಪುಗಳು. ಅವನ್ನು ಹೂಳುವ ಗುಂಡಿ ಊರ ಹೆಬ್ಬಾಗಿಲಾದ ಅಗಸಿ ದಾಟಿ, ಬಸವಣ್ಣನ ಗುಡಿಯ ಮುಂದೆ ಹಾದು, ಹಾಲೇಶಪ್ಪನ ಶೇಂಗಾ ಮಿಲ್ಲಿನ ಬದಿಯಿಂದ ಅವನ ಹೊಲದ ಕಡೆಗೇ ಹೋಗುತ್ತಿತ್ತು. ಸರ್ಕಾರದ ನೀರಿಗೂ ಸಾವ್ಕಾರನ ಹೊಲದ ದಾರಿ ಚೆನ್ನಾಗಿ ಗೊತ್ತು. ಗುತ್ತೇದಾರ ಗುರುಸಂಗಪ್ಪ ಕೊಟ್ಟೂರಿನವನು, ಹಾಲೇಶಪ್ಪನ ತಂಗಿಯ ಗಂಡ. ಕೇರಿಯವರಿಗೆ ಆ ನೀರಿನಲ್ಲಿ ಒಂದು ತಂಬಿಗೆಯ ಪಾಲೂ ಇರಲಿಲ್ಲ. ಗುಂಡಿಯಲ್ಲಿ ಮಾತ್ರ ಪೂರ್ತಿ ಪಾಲು ಇತ್ತು.

ಕ್ರೇನಿನ ಕೆಲಸ ಕಟ್ಟೆಯ ಮೇಲೆ ಕುಳಿತು ನೋಡುವವರಿಗೆ ಚೆಂದ. ಕೊಕ್ಕೆಗೆ ಪೈಪು ಸಿಕ್ಕಿಸುತ್ತಾರೆ, ತೋಳು ಏಳುತ್ತದೆ, ಪೈಪು ಗಾಳಿಯಲ್ಲಿ ಎದ್ದು ಗುಂಡಿಯ ಕಡೆ ತಿರುಗುತ್ತದೆ. ಊರ ಹುಡುಗರು ಚಪ್ಪಾಳೆ ತಟ್ಟುತ್ತಾರೆ. ಆದರೆ ತೂಗುವ ಪೈಪು ಸುಮ್ಮನೆ ತೂಗುವುದಿಲ್ಲ, ಗಿರಗಿರ ತಿರುಗುತ್ತದೆ, ಕಂಡದ್ದಕ್ಕೆ ಬಡಿಯುತ್ತದೆ. ಅದಕ್ಕೇ ಒಬ್ಬ ನೆಲದ ಮೇಲೆ ನಿಂತು ಅದನ್ನು ಹಿಡಿದು, ಜತೆಗೆ ಹೆಜ್ಜೆ ಹಾಕಿ, ಗುಂಡಿಗೆ ಸರಿಯಾಗಿ ಇಳಿಸಬೇಕು. ಒಣಗಿದ ಉದ್ದ ಹಗ್ಗ ಕಟ್ಟಿ ದೂರದಿಂದ ಎಳೆದು ಹಿಡಿಯಬಹುದು. ಆದರೆ ಹಗ್ಗವನ್ನು ಕೊಂಡು ತರಬೇಕು, ಆಳು ಕೂಗಿದರೆ ಬರುತ್ತಾನೆ. ಗುರುಸಂಗಪ್ಪ ಆಳನ್ನು ಕೂಗಿದ.

ಹಾಗೆ ಬಂದವನು ಪಕ್ಕೀರಪ್ಪ, ದುರುಗಮ್ಮನ ಗಂಡ. ಕೇರಿಯಲ್ಲಿ ಅವನಷ್ಟು ಗಟ್ಟಿ ರಟ್ಟೆಯವನು ಇನ್ನೊಬ್ಬನಿರಲಿಲ್ಲ. ಬಿಸಿಲಿಗೆ ಕಾದ ಪೈಪನ್ನು ಎರಡೂ ತೋಳು ಚಾಚಿ ಎದೆಗೆ ಒತ್ತಿ ಹಿಡಿಯುತ್ತಿದ್ದ. ಸಂಜೆ ಮನೆಗೆ ಬಂದರೆ ಅಂಗೈ ತುಂಬ ಬೊಕ್ಕೆ, ಎದೆಯ ಮೇಲೆ ಕೆಂಪಗೆ ಬರೆ. ದುರುಗಮ್ಮ ಹರಳೆಣ್ಣೆ ಹಚ್ಚುವಳು. ಅವನು ನೋವು ಎನ್ನುತ್ತಿರಲಿಲ್ಲ, ಪೈಪು ಹಿಡಿಯುವವನು ತಾನೊಬ್ಬನೇ ಎಂದು ಅವನಿಗೆ ಒಳಗೊಳಗೇ ಹೆಮ್ಮೆ. ಪಾಪ, ಆ ಹೆಮ್ಮೆಯೊಂದನ್ನು ಮಾತ್ರ ಯಾರೂ ಅವನಿಂದ ಕಿತ್ತುಕೊಳ್ಳಲಿಲ್ಲ.

ಕಾಲಿಗೆ ಏನೂ ಇರುತ್ತಿರಲಿಲ್ಲ. ಇರುವ ಹಾಗಿರಲಿಲ್ಲ. ಕೆಂಚನಹಾಳಿನ ಕಟ್ಟಳೆ ಏನೆಂದರೆ, ಕೇರಿಯವರು ಅಗಸಿಯಲ್ಲೇ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ಬಸವಣ್ಣನ ಗುಡಿ ದಾಟಬೇಕು. ಊರಿಗೆಲ್ಲ ಚಪ್ಪಲಿ ಹೊಲಿದುಕೊಡುವವರು ಇವರೇ. ಪಕ್ಕೀರಪ್ಪನ ಅಪ್ಪ ಹೊಲಿದ ಜೋಡನ್ನು ಮೆಟ್ಟಿ ಹಾಲೇಶಪ್ಪನ ಅಪ್ಪ ಗುಡಿಯ ಕಟ್ಟೆಯವರೆಗೂ ನಡೆದು ಬರುತ್ತಿದ್ದ. ಹೊಲಿದವನ ಕಾಲಿಗೆ ಅದು ಏರಿದರೆ ಮಾತ್ರ ಬಸವಣ್ಣನಿಗೆ ಸಿಟ್ಟು ಬರುತ್ತದಂತೆ. ಗುಂಡಿಯ ಕೆಲಸ ಗುಡಿಯ ಮುಂದೆ ಬಂದ ದಿನದಿಂದ ಕೇರಿಯ ಆಳುಗಳೆಲ್ಲ ಬರಿಗಾಲಿನಲ್ಲಿ ಜವುಗು ಮಣ್ಣು ತುಳಿಯುತ್ತ ದುಡಿದರು.

ಆ ಜಾಗದ ಮೇಲೆಯೇ ಮಿಲ್ಲಿಗೆ ಹೋಗುವ ದೊಡ್ಡ ಲೈನು ಹಾದಿತ್ತು. ಮೂರು ತಂತಿ. ಕ್ರೇನು ನಡೆಸುವ ಬೊಮ್ಮಯ್ಯ ಗುಡೇಕೋಟೆ ಕಡೆಯವನು, ನಾಯಕರವನು. ಅವನು ಮೊದಲ ದಿನವೇ ತಲೆಯೆತ್ತಿ ತಂತಿ ನೋಡಿ, ಗುರುಸಂಗಪ್ಪನಿಗೆ ಹೇಳಿದ್ದ. ಲೈನು ಬಂದ್ ಮಾಡಿಸದೆ ಇಲ್ಲಿ ತೋಳು ತಿರುಗಿಸುವುದು ಬೇಡ. ತೋಳು ತಂತಿಗೆ ತಾಗಲೇಬೇಕೆಂದಿಲ್ಲ, ತೀರ ಹತ್ತಿರ ಹೋದರೂ ಕರೆಂಟು ಹಾರುತ್ತದೆ. ನಾನು ಮೇಲೆ ಕೂತಿರುತ್ತೇನೆ, ನನಗೇನೂ ಆಗಲಿಕ್ಕಿಲ್ಲ. ಪೈಪು ಹಿಡಿದು ನೆಲದ ಮೇಲೆ ನಿಂತವನು ಸಾಯುತ್ತಾನೆ. ಇಷ್ಟು ಹೇಳಿದ್ದ. ಗುರುಸಂಗಪ್ಪ ಅವನ ಬೆನ್ನು ಸವರಿ, ಅದೆಲ್ಲ ನಮ್ಮ ಭಾವ ನೋಡಿಕೊಳ್ಳುತ್ತಾರೆ, ನೀನು ಹ್ಯಾಂಡಲ್ ನೋಡಿಕೋ ಎಂದ.

ಭಾವ ನೋಡಿಕೊಂಡ ರೀತಿ ಹೀಗಿತ್ತು. ಲೈನು ಬಂದ್ ಮಾಡಿಸಬೇಕೆಂದರೆ ಹಡಗಲಿಗೆ ಹೋಗಿ ಹೇಳಬೇಕು. ಅಲ್ಲಿಂದ ಲೈನ್‌ಮನ್ ಬರಬೇಕು. ಒಮ್ಮೆ ತೆಗೆದ ಕರೆಂಟು ಮತ್ತೆ ಬರುವುದು ಸಂಜೆಯೋ, ನಾಳೆಯೋ. ಶೇಂಗಾ ಸುಗ್ಗಿಯಲ್ಲಿ ಮಿಲ್ಲು ಅಷ್ಟು ಹೊತ್ತು ನಿಲ್ಲುವುದೆಂದರೇನು? ಅದಕ್ಕೆ ಹಾಲೇಶಪ್ಪ, ಮಧ್ಯಾಹ್ನ ಉಣ್ಣುವ ಹೊತ್ತಿಗೆ ಲೈನು ಬಂದ್ ಇರುತ್ತದೆ, ಗುಡಿಯ ಮುಂದಿನ ಪೈಪುಗಳನ್ನೆಲ್ಲ ಆಗ ಇಳಿಸಿಕೊಳ್ಳಿ ಎಂದು ಸಾರಿದ. ಬಂದ್ ಆದದ್ದು ಗೊತ್ತಾಗುವುದು ಹೇಗೆ? ಮಿಲ್ಲಿನ ಸದ್ದು ನಿಂತರೆ ಆಯಿತು.

ಊರು ನಂಬಿತು. ಕೇರಿಯಂತೂ ಎರಡು ಮಾತಿಲ್ಲದೆ ನಂಬಿತು. ಕೇರಿಯಲ್ಲಿ ಒಂದು ಕಂಬ ಇಲ್ಲ, ಒಂದು ಬಲ್ಬಿಲ್ಲ. ಅವರಿಗೆ ಗೊತ್ತಿದ್ದ ಕರೆಂಟು ಎಂದರೆ ಮಿಲ್ಲಿನ ಆ ದಡದಡ ಸದ್ದು. ಸದ್ದು ಇದ್ದರೆ ಕರೆಂಟು ಇದೆ, ಸದ್ದು ನಿಂತರೆ ಇಲ್ಲ. ಮಿಲ್ಲು ನಿಂತ ಹೊತ್ತಿನಲ್ಲಿ ಹೆಂಗಸರು ಕಂಬಕ್ಕೆ ಒರಗಿ ಬುತ್ತಿ ಬಿಚ್ಚುತ್ತಿದ್ದರು, ತಂತಿಯ ಮೇಲೆ ಸೀರೆ ಒಣಹಾಕುವುದೊಂದು ಬಾಕಿ. ಮನೆಯೊಳಗೆ ಒಂದು ದೀಪ ಇದ್ದಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಆದರೆ ದೀಪ ಕೊಡುವ ಮನಸ್ಸಿದ್ದ ಊರಾಗಿದ್ದರೆ ಈ ಕತೆಯೇ ಬೇಕಾಗುತ್ತಿರಲಿಲ್ಲ.

ಗುಡಿಯ ಮುಂದೆ ಪೈಪು ಇಳಿಸುವ ದಿನ ಮಧ್ಯಾಹ್ನ ಮಿಲ್ಲು ನಿಂತಿತು. ಬೊಮ್ಮಯ್ಯ ಪೈಪು ಎತ್ತಿದ. ಪಕ್ಕೀರಪ್ಪ ಗುಂಡಿಯ ಅಂಚಿನಲ್ಲಿ ಹಸಿ ಮಣ್ಣಿನ ಮೇಲೆ ನಿಂತು ತೋಳು ಚಾಚಿ ಪೈಪನ್ನು ಎದೆಗೊತ್ತಿದ. ಕ್ರೇನಿನ ತೋಳು ತಿರುಗಿತು. ಮೇಲೆ ಒಂದು ನೀಲಿ ಕಿಡಿ ಚಟಾರೆಂದಿತು. ಪಕ್ಕೀರಪ್ಪ ಕೂಗಲೂ ಇಲ್ಲ. ಪೈಪಿಗೆ ಅಂಟಿಕೊಂಡಂತೆ ನಿಂತು ನಡುಗಿದ, ಆಮೇಲೆ ಗುಂಡಿಯೊಳಗೆ ಬಿದ್ದ. ಬೊಮ್ಮಯ್ಯ ಕೂತಲ್ಲೇ ಕೂತು ತೋಳನ್ನು ಹಿಂದಕ್ಕೆ ತಿರುಗಿಸಿದ, ಕೆಳಗಿನವರಿಗೆ ಹತ್ತಿರ ಬರಬೇಡಿ ಎಂದು ಕೂಗಿದ. ಕೂಗದಿದ್ದರೆ ಎತ್ತಲು ಓಡಿದವರಲ್ಲಿ ಇನ್ನಿಬ್ಬರು ಹೋಗುತ್ತಿದ್ದರು. ಅಂಗೈ ಎರಡೂ ಕಪ್ಪಗೆ ಸುಟ್ಟಿದ್ದವು. ಪಾದದ ಅಡಿಯಲ್ಲಿ ಬೆರಳು ಹೋಗುವಷ್ಟು ತೂತು. ದುರುಗಮ್ಮ ಮಿಲ್ಲಿನ ಅಂಗಳದಿಂದ ಓಡಿ ಬಂದಾಗ ಅವನ ಮೈಯಿಂದ ಇನ್ನೂ ಹೊಗೆ ಏಳುತ್ತಿತ್ತು.

ಹಡಗಲಿಯಿಂದ ಪೊಲೀಸರು ಬಂದರು. ಹಾಲೇಶಪ್ಪನ ಮನೆಯಲ್ಲಿ ಹೋಳಿಗೆ ಊಟ ಮಾಡಿದರು. ಸತ್ತವನು ಕುಡಿದಿದ್ದನಂತೆ ಎಂದುಕೊಂಡು ಕೈ ತೊಳೆದುಕೊಂಡು ಹೋದರು. ಪಕ್ಕೀರಪ್ಪ ಹೆಂಡದ ವಾಸನೆ ಕಂಡರೆ ಮೂಗು ಮುಚ್ಚುವವನು ಎಂದು ಅವನ ತಾಯಿ ಮಾಳಮ್ಮ ಎದೆ ಬಡಿದುಕೊಂಡು ಹೇಳಿದಳು. ಆಗ ಊರು ಬೇರೆ ಕಾರಣ ಹುಡುಕಿತು. ಅವನು ಗುಡಿಕಟ್ಟೆ ಮುಟ್ಟಿದ್ದನಂತೆ. ಅಮಾವಾಸ್ಯೆ ಹತ್ತಿರ ಇತ್ತಂತೆ. ಊರಿಗೆ ಕಾರಣಗಳ ಬರಗಾಲ ಎಂದೂ ಇರಲಿಲ್ಲ. ತಲೆಯ ಮೇಲಿನ ತಂತಿಯೊಂದನ್ನು ಬಿಟ್ಟು ಎಲ್ಲವೂ ಕಾರಣವಾದವು.

ದುರುಗಮ್ಮ ಒಂದೇ ಮಾತು ಹಿಡಿದಳು. ಮಿಲ್ಲು ನಿಂತಿತ್ತು, ಕರೆಂಟು ಇಲ್ಲ ಅಂದಿದ್ದರು, ಹಾಗಾದರೆ ಅದು ಎಲ್ಲಿಂದ ಬಂತು? ದಿನಕರ್ಮ ಮುಗಿದ ಮೇಲೆ ಕೇರಿಯ ಹಿರಿಯ ಕರಿಸಿದ್ದಪ್ಪನನ್ನು ಮುಂದಿಟ್ಟುಕೊಂಡು ಗುಡಿಕಟ್ಟೆಯ ಕೆಳಗೆ ನಿಂತು ಕೇಳಿದಳು. ಹಾಲೇಶಪ್ಪ ಕಟ್ಟೆಯ ಮೇಲೆ ಕೂತು, ತಾಳ್ಮೆಯಿಂದ, ಮಕ್ಕಳಿಗೆ ಹೇಳುವಂತೆ ಹೇಳಿದ.

"ಮಿಲ್ಲು ನಿಂತಿತ್ತೋ ಇಲ್ಲೋ? ಊರೇ ಕೇಳೇತಿ. ಲೈನ್ ಬಂದ್ ಆಗಿತ್ತು. ಅದು ತಂತಿಯಾಗ ಉಳಿದಿದ್ದ ಕರೆಂಟು. ನಳ ಬಂದ್ ಮಾಡಿದ ಮ್ಯಾಲೂ ಪೈಪಿನ್ಯಾಗ ನಾಕು ಹನಿ ಉಳೀತಾವಿಲ್ಲೋ, ಹಂಗ."

"ನಾಕು ಹನಿಗೆ ಆಳು ಸುಟ್ಟು ಕರಕಾಗ್ತಾನೇನ್ರಿ?" ಎಂದಳು ದುರುಗಮ್ಮ.

ಕಟ್ಟೆಯ ಮೇಲಿದ್ದವರು ಅವಳ ಬಾಯಿ ಜೋರಾಯಿತೆಂದು ಗೊಣಗಿದರು. ಕರಿಸಿದ್ದಪ್ಪ ಅವಳ ಸೆರಗು ಹಿಡಿದು ಜಗ್ಗಿದ. ಆದರೆ ಹಾಲೇಶಪ್ಪನ ಮಾತು ಊರಿಗೆ ಬಹಳ ಹಿಡಿಸಿತು. ಉಳಿದ ಕರೆಂಟು! ಎಷ್ಟು ಒಳ್ಳೆಯ ಕರೆಂಟು ನೋಡಿ. ಅದಕ್ಕೆ ಯಜಮಾನನಿಲ್ಲ. ಅದನ್ನು ಬಿಟ್ಟವನಿಲ್ಲ, ಬಂದ್ ಮಾಡಬೇಕಾದವನಿಲ್ಲ. ದಿಕ್ಕಿಲ್ಲದ ದನದಂತೆ ತಾನೇ ಅಲೆದು ಬಂದು ಕೇರಿಯವನೊಬ್ಬನನ್ನು ಹಾಯ್ದು ಹೋಗಿದೆ. ಯಾರನ್ನು ಬೈಯುವುದು?

ಉಳಿದ ಕರೆಂಟಿಗೆ ಮದ್ದನ್ನು ಗುರುಸಂಗಪ್ಪನೇ ಹೊಸಪೇಟೆಯಿಂದ ತಂದ. ಒಂದು ಜೊತೆ ಗಮ್‌ಬೂಟು, ಮೊಣಕಾಲುದ್ದ, ಕರೀ ರಬ್ಬರಿನದು. ಬೂಟು ಹಾಕಿಕೊಂಡು ಹಿಡಿದರೆ ಏನೂ ಆಗುವುದಿಲ್ಲ, ಪಟ್ಟಣದಲ್ಲೆಲ್ಲ ಹಾಗೇ ಎಂದ. ಬೊಮ್ಮಯ್ಯ ಒಮ್ಮೆ ಬಾಯಿ ಬಿಟ್ಟ. ಆ ಲೈನಿನ ಮುಂದೆ ಈ ಬೂಟು ಏನೂ ಅಲ್ಲ, ಲೈನು ಬಂದ್ ಆಗಬೇಕು, ಇಲ್ಲವೇ ತೋಳು ದೂರ ಇರಬೇಕು, ಮೂರನೆಯದು ಇಲ್ಲ ಎಂದ. ಗುರುಸಂಗಪ್ಪ, ನಿನಗೆ ಕ್ರೇನು ಬೇಕೋ, ಕೆಲಸ ಬಿಟ್ಟು ನಿನ್ನೂರಿಗೆ ಹೋಗಬೇಕೋ ಎಂದು ಕೇಳಿದ. ಬೊಮ್ಮಯ್ಯನಿಗೆ ಕ್ರೇನು ಬೇಕಾಗಿತ್ತು. ಬಾಯಿಗೆ ಬೀಗ ಬಿತ್ತು.

ಆದರೆ ಬೂಟು ತಂದದ್ದೇ ತಡ, ಊರಿಗೆ ಬೆಂಕಿ ಬಿದ್ದಂತಾಯಿತು. ಮನುಷ್ಯ ಸುಟ್ಟಾಗ ಬೀಳದ ಬೆಂಕಿ ಇದು. ಮಾದಿಗನೊಬ್ಬ ಬಸವಣ್ಣನ ಎದುರಿಗೆ ಬೂಟು ಹಾಕಿ ನಿಲ್ಲುವುದೇ? ಗುಡಿಕಟ್ಟೆಯ ಮೇಲೆ ಪಂಚಾಯ್ತಿ ಕೂತಿತು. ಪಕ್ಕೀರಪ್ಪ ಸತ್ತಾಗ ಒಂದು ತಾಸೂ ಕೂರದ ಪಂಚಾಯ್ತಿ, ಬೂಟಿಗಾಗಿ ದಿನಗಟ್ಟಲೆ ಕೂತಿತು. ಒಬ್ಬ, ರಬ್ಬರು ಚರ್ಮವಲ್ಲ, ಗಿಡದ ಹಾಲು, ಆದ್ದರಿಂದ ಅದಕ್ಕೆ ಮೈಲಿಗೆ ಇಲ್ಲ ಎಂದ. ಇನ್ನೊಬ್ಬ, ಹಾಲಾದರೇನು ಮೆಟ್ಟುವುದು ಕಾಲಲ್ಲೇ ತಾನೇ ಎಂದ. ಪೂಜಾರಿ, ಬೂಟು ಅಷ್ಟು ಎತ್ತರ ಇರುವುದರಿಂದ ಅದನ್ನು ಚಪ್ಪಲಿ ಎನ್ನಬೇಕೋ ಬಟ್ಟೆ ಎನ್ನಬೇಕೋ ಎಂದು ಬಹಳ ಹೊತ್ತು ಯೋಚಿಸಿದ. ಇಷ್ಟೆಲ್ಲ ಬುದ್ಧಿವಂತರು ತಂತಿಯ ನೆರಳಿನಲ್ಲೇ ಕೂತಿದ್ದರು. ಒಬ್ಬನೂ ಕತ್ತು ಮೇಲೆತ್ತಲಿಲ್ಲ.

ಕೊನೆಗೆ ತೀರ್ಮಾನವಾಯಿತು. ಬೂಟನ್ನು ಅಗಸಿಯಿಂದ ಕೋಲಿಗೆ ಸಿಕ್ಕಿಸಿಕೊಂಡು ತರಬೇಕು. ಗುಂಡಿಯೊಳಗೆ ಇಳಿದ ಮೇಲೆ ಹಾಕಿಕೊಂಡು, ಅಲ್ಲಿಂದಲೇ ಕೈಯೆತ್ತಿ ಪೈಪು ಹಿಡಿಯಬೇಕು. ಗುಂಡಿ ಆಳುದ್ದ ಇದೆ, ಅಲ್ಲಿ ಹಾಕಿಕೊಂಡರೆ ಬಸವಣ್ಣನ ಕಣ್ಣಿಗೆ ಬೀಳುವುದಿಲ್ಲ. ಮೇಲೆ ಹತ್ತುವಾಗ ಬಿಚ್ಚಬೇಕು. ಕಲ್ಲಿನ ಬಸವಣ್ಣ ಬಗ್ಗಿ ನೋಡುವುದಿಲ್ಲ ಎಂಬ ಧೈರ್ಯ ಇವರಿಗೆ ಹೇಗೂ ಇತ್ತು. ಇಲ್ಲದಿದ್ದರೆ ಇವರು ಮಾಡುವ ಕೆಲಸಗಳನ್ನು ಅವನೆದುರು ಕೂತು ಮಾಡುತ್ತಿದ್ದರೇ?

ಇನ್ನು ಪೈಪು ಹಿಡಿಯುವವರು ಯಾರು? ಕೇರಿಯ ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಆಗ ಹಾಲೇಶಪ್ಪನಿಗೆ ಕರುಣೆ ಉಕ್ಕಿತು. ಗಂಡ ಹೋದ ಹೆಂಗಸು, ಮುದುಕಿ ಅತ್ತೆ, ಮನೆಯಲ್ಲಿ ದುಡಿಯುವವರಿಲ್ಲ; ಆ ಕೆಲಸವನ್ನು ದುರುಗಿಗೇ ಕೊಡೋಣ, ಗಂಡಾಳಿನ ಕೂಲಿಯೇ ಕೊಡೋಣ ಎಂದ. ಕಟ್ಟೆ ಹೌದು ಹೌದೆಂದಿತು. ಒಬ್ಬರು ಸಾವ್ಕಾರ ಧರ್ಮಾತ್ಮ ಎಂದರು. ಗಂಡನನ್ನು ಕೊಂದ ಕಬ್ಬಿಣವನ್ನು ಹೆಂಡತಿಯ ಕೈಗೆ ಕೊಟ್ಟು, ಅದರ ಮೇಲೆ ಪುಣ್ಯವನ್ನೂ ಕಟ್ಟಿಕೊಂಡರು. ಜೊತೆಗೆ ಇನ್ನೊಂದು ಮಾತನ್ನೂ ಹಗುರವಾಗಿ ಸೇರಿಸಿದರು. ಅವಳು ಒಲ್ಲೆ ಎಂದರೆ ಕೇರಿಯವರಿಗೆ ಗುಂಡಿಯಲ್ಲೂ ಕೆಲಸವಿಲ್ಲ, ಮಿಲ್ಲಿನಲ್ಲೂ ಕೆಲಸವಿಲ್ಲ.

ಕರಿಸಿದ್ದಪ್ಪ ಬಂದು ಅವಳ ಗುಡಿಸಲ ಮುಂದೆ ಕೂತು ಬೀಡಿ ಹಚ್ಚಿದ. ಬೂಟು ಕೊಡುತ್ತಾರಲ್ಲ, ನಾಲ್ಕು ದಿನದ ಕೆಲಸ, ಕೇರಿಯ ಒಲೆಗಳನ್ನು ಆರಿಸಬೇಡ ಎಂದ. ಅವನೇನು ಕೆಟ್ಟವನಲ್ಲ, ಬೆನ್ನು ಬಗ್ಗಿಸಿ ಬಗ್ಗಿಸಿ ಹಾಗೇ ಗಟ್ಟಿಯಾದವನು. ಮಾಳಮ್ಮ ಒಳಗಿನಿಂದ, ನನ್ನ ಮಗನ ಜಾಗಕ್ಕೆ ಸೊಸೆಯನ್ನು ಕಳಿಸುವುದಾದರೆ ಮೊದಲು ನನ್ನನ್ನು ಆ ಗುಂಡಿಗೆ ತಳ್ಳು ಎಂದು ಬೈದಳು.  ದುರುಗಮ್ಮನಿಗೆ ಸಿಟ್ಟು ಇತ್ತು, ಅದರ ಪಕ್ಕದಲ್ಲೇ ಹೆದರಿಕೆಯೂ ಇತ್ತು. ಅವಳು ಒಲ್ಲೆ ಎಂದರೆ ಎಷ್ಟು ಮನೆಗಳ ಹೊಟ್ಟೆ ಸುಡುತ್ತದೆ ಎಂಬುದು ಅವಳಿಗೂ ಗೊತ್ತು.

ಪೈಪು ಹಿಡಿಯುವ ದಿನದ ತನಕ ಅವಳು ಮಿಲ್ಲಿಗೆ ಹೋದಳು. ಅವಳ ಕೆಲಸ ಅಂಗಳದಲ್ಲಿ ಶೇಂಗಾ ಹೊಟ್ಟು ಕೂಡಿ ಹಾಕುವುದು. ಮೂಗು, ಬಾಯಿ, ಕಣ್ಣೊಳಗೆಲ್ಲ ಹೊಟ್ಟಿನ ಧೂಳು. ಕೊನೆಯ ದಿನ ಮಧ್ಯಾಹ್ನ ಮಿಲ್ಲು ನಿಂತಿತು. ಹೆಂಗಸರು ಕೈ ಜಾಡಿಸಿ ಬುತ್ತಿ ಬಿಚ್ಚಿದರು. ದುರುಗಮ್ಮ ತನ್ನ ಜಾಗದಲ್ಲಿ ಕೂತಳು, ಹಾಲೇಶಪ್ಪನ ಗದ್ದಿಗೆಯ ಕೋಣೆಯ ಎದುರಿನ ಬೇಲಿಯ ನೆರಳಲ್ಲಿ. ಕೋಣೆಯ ಬಾಗಿಲು ತೆರೆದಿತ್ತು. ಸಾವ್ಕಾರ ಉಂಡು ಅಂಗಿ ಬಿಚ್ಚಿ ಗಾದಿಯ ಮೇಲೆ ಮಲಗಿದ್ದ. ಹೊಟ್ಟೆ ಏರುತ್ತ ಇಳಿಯುತ್ತ ಇತ್ತು. ಅವನ ನೆತ್ತಿಯ ಮೇಲೆ ಫ್ಯಾನು ತಿರುಗುತ್ತಿತ್ತು.

ದುರುಗಮ್ಮ ತುತ್ತು ಕೈಯಲ್ಲೇ ಹಿಡಿದು ನೋಡಿದಳು. ಮಿಲ್ಲು ನಿಂತಿದೆ. ಫ್ಯಾನು ತಿರುಗುತ್ತಿದೆ.  ಪಕ್ಕೀರಪ್ಪ ಸತ್ತ ದಿನವೂ ಅವಳು ಇಲ್ಲೇ ಕೂತಿದ್ದಳು. ಅಂದೂ ಬಾಗಿಲು ತೆರೆದಿತ್ತು. ಅಂದೂ ಆ ಬಾಗಿಲಿನಿಂದ ತಣ್ಣನೆ ಗಾಳಿ ಬಂದು ಅವಳ ಮುಖಕ್ಕೆ ಬಡಿದಿತ್ತು. ಅಬ್ಬಾ ಎಷ್ಟು ಹಿತವಾಗಿದೆ ಎಂದು ಅವಳು ಸೆರಗು ಸರಿಸಿ ಕುತ್ತಿಗೆ ಒಡ್ಡಿದ್ದಳು. ಅದೇ ಹೊತ್ತಿನಲ್ಲಿ ಆಚೆ ಗುಂಡಿಯ ಅಂಚಿನಲ್ಲಿ ಅವಳ ಗಂಡ ಸುಡುತ್ತಿದ್ದ. ಇದು ನೆನಪಾಯಿತು. ಬೇಲಿಯ ಹಿಂದೆ ಹೋಗಿ ಕಾರಿಕೊಂಡಳು.

ಲೈನು ಬಂದ್ ಆಗಿರಲೇ ಇಲ್ಲ. ಎಂದೂ ಆಗಿರಲಿಲ್ಲ. ಮಿಲ್ಲನ್ನಷ್ಟೇ ನಿಲ್ಲಿಸಿದ್ದರು. ಒಬ್ಬನ ಮಿಲ್ಲು ಅರ್ಧ ದಿನ ನಿಲ್ಲಬಾರದು, ಒಬ್ಬನ ಮಧ್ಯಾಹ್ನದ ನಿದ್ದೆಗೆ ಸೆಕೆಯಾಗಬಾರದು. ಅದಕ್ಕಾಗಿ ಒಬ್ಬ ಆಳು. ಹೆಚ್ಚೇನಲ್ಲ.

ಮರುದಿನ ಅವಳು ಬೂಟನ್ನು ಕೋಲಿಗೆ ಸಿಕ್ಕಿಸಿಕೊಂಡು ಅಗಸಿ ದಾಟಿ ಬಂದಳು, ಪಂಚಾಯ್ತಿ ಹೇಳಿದ ಹಾಗೆಯೇ. ಊರು ನೋಡಲು ನೆರೆದಿತ್ತು. ಹೆಂಗಸು ಬೂಟು ಹಾಕುವುದನ್ನು ಬಿಟ್ಟಿ ನೋಡಲು ಸಿಕ್ಕರೆ ಯಾರು ಬಿಡುತ್ತಾರೆ? ಹಾಲೇಶಪ್ಪ ಗುಡಿಕಟ್ಟೆಯ ಮೇಲೆ ಕೂತಿದ್ದ. ಇಂದು ಅವನು ಮಲಗಲಿಲ್ಲ, ಮೊದಲ ಪೈಪು ಇಳಿಯುವ ತನಕ ನಿಂತು ನೋಡುವುದಾಗಿ ಹೇಳಿದ್ದ. ಮಿಲ್ಲು ನಿಂತಿತು. ಗುರುಸಂಗಪ್ಪ ಕಿವಿಯ ಹತ್ತಿರ ಕೈ ಇಟ್ಟು ಎಲ್ಲರಿಗೂ ಕೇಳಿಸಿತಲ್ಲ ಎಂಬಂತೆ ನಕ್ಕ. ಬೊಮ್ಮಯ್ಯ ಪೈಪನ್ನು ಮೊಣಕಾಲೆತ್ತರಕ್ಕೆ ಎತ್ತಿ ನಿಲ್ಲಿಸಿದ. ಇನ್ನು ತೋಳು ತಿರುಗಬೇಕು, ಅದಕ್ಕೂ ಮೊದಲು ಪೈಪಿಗೆ ಕೈ ಬೀಳಬೇಕು.

ದುರುಗಮ್ಮ ಗುಂಡಿಗೆ ಇಳಿಯಲಿಲ್ಲ. ಬೂಟನ್ನು ಕೋಲಿನಿಂದ ತೆಗೆದು ಗುಂಡಿಯ ಅಂಚಿನಲ್ಲಿಟ್ಟಳು.

"ಸಾವ್ಕಾರ್ರ, ಲೈನ್ ಬಂದ್ ಐತೇನ್ರಿ?"

"ಕಿವಿ ಇಲ್ಲೇನು ನಿನಗ? ಮಿಲ್ಲು ನಿಂತೈತಿ."

"ಮಿಲ್ಲು ನಿಂತದ್ದು ಕೇಳೇತ್ರಿ. ನಿನ್ನೆನೂ ನಿಂತಿತ್ತು, ಆದ್ರ ನಿಮ್ಮ ಕೋಣಿಯಾಗ ಫ್ಯಾನು ತಿರುಗ್ತಿತ್ತು.  ನನ್ನ ಗಂಡ ಸತ್ತ ದಿನಾನೂ ತಿರುಗ್ತಿತ್ತು. ನಾ ಅದರ ಗಾಳಿಗೆ ಕುಂತಿದ್ದೆ."

 ಹಾಲೇಶಪ್ಪನ ಮುಖ ಕಪ್ಪಿಟ್ಟಿತು, ಆದರೆ ಅವನು ಕಟ್ಟೆಯ ಮೇಲೇ ಹುಟ್ಟಿ ಕಟ್ಟೆಯ ಮೇಲೇ ಬೆಳೆದವನು, ಸುಳ್ಳಿಗೆ ತಡಕಾಡುವವನಲ್ಲ. ಫ್ಯಾನಿನ ಲೈನು ಬೇರೆ, ಮಿಲ್ಲಿನ ಲೈನು ಬೇರೆ, ಕೇರಿಯವಳಿಗೆ ಕರೆಂಟಿನ ವಿಷಯ ಏನು ಗೊತ್ತು ಎಂದು ನಕ್ಕ. ಕಟ್ಟೆಯೂ ನಕ್ಕಿತು. ಕಟ್ಟೆ ಯಾವಾಗಲೂ ಅವನ ನಗೆ ನೋಡಿಕೊಂಡೇ ನಗುತ್ತಿತ್ತು.

"ನಂಗೇನೂ ಗೊತ್ತಿಲ್ರಿ," ಎಂದಳು ದುರುಗಮ್ಮ. "ಅದಕ್ಕ ನೀವ ಬಂದು ಹಿಡೀರಿ. ಒಂದ ಸಲ. ತೋಳು ಗುಂಡಿ ಕಡೆ ತಿರುಗೋತನಕ. ಆಮ್ಯಾಲೆ ಉಳಿದವೆಲ್ಲ ನಾ ಹಿಡೀತೀನಿ, ಬರಿಗಾಲಾಗ."

ಗುರುಸಂಗಪ್ಪ ಹಲ್ಲು ಕಡಿದು, ಸಾವ್ಕಾರ್ರು ಪೈಪು ಹಿಡೀತಾರೇನಲೇ ಎಂದು ಕೈ ಎತ್ತಿಕೊಂಡು ಬಂದ. ಕರಿಸಿದ್ದಪ್ಪ ಅಡ್ಡ ನಿಂತ. ಅವನು ಯಾಕೆ ನಿಂತನೋ ಅವನಿಗೇ ಗೊತ್ತಿಲ್ಲ, ಆದರೆ ನಿಂತ. ಅವನ ಹಿಂದೆ ಗುಂಡಿ ತೋಡುವ ಗಂಡಸರು ಸಲಿಕೆ ಹಿಡಿದುಕೊಂಡೇ ಬಂದರು. ಮಿಲ್ಲಿನ ಅಂಗಳದಿಂದ ಹೆಂಗಸರೂ ಬಂದು ನಿಂತರು.  ಎಲ್ಲರೂ ಹಾಲೇಶಪ್ಪನ ಕಡೆ ನೋಡಿದರು, ಅಷ್ಟೇ.

"ಬೂಟು ಬೇಕಂದ್ರ ತಗೋರಿ," ಎಂದಳು ದುರುಗಮ್ಮ. "ಹೊಸಾವು. ನಾ ಕಾಲಿಟ್ಟಿಲ್ಲ, ಕೋಲಿನ ಮ್ಯಾಲೇ ತಂದೀನಿ. ಮೈಲಿಗಿ ಆಗಿಲ್ಲ."

ಊರ ಎದುರಿಗೆ ಹೀಗೆ ಹೇಳಿದ ಮೇಲೆ ಕೂತಿರಲು ಆಗಲಿಲ್ಲ. ಹಾಲೇಶಪ್ಪ ಎದ್ದ. ಧೋತರ ಎತ್ತಿ ಕಟ್ಟಿದ. ಹೆಂಗಸಿನ ಮಾತಿಗೆ ಹೆದರುವವನಲ್ಲ ತಾನೆಂದು ತೋರಿಸಲು ದೊಡ್ಡ ದೊಡ್ಡ ಹೆಜ್ಜೆ ಹಾಕಿ ಕಟ್ಟೆ ಇಳಿದು ಪೈಪಿನ ಹತ್ತಿರ ಬಂದ. ಬೊಮ್ಮಯ್ಯ ಮೇಲಿನಿಂದ, ತಿರುಗಿಸಲೇನ್ರಿ ಎಂದು ಕೇಳಿದ. 

ಹಾಲೇಶಪ್ಪ ಕೈ ಚಾಚಿದ. ಉಂಗುರದ ಕೈ, ಎಂದೂ ಬೊಕ್ಕೆ ಕಾಣದ ಕೈ. ಪೈಪಿಗೂ ಕೈಗೂ ನಡುವೆ ಒಂದು ಗೇಣು ಉಳಿಯಿತು. ಅಲ್ಲಿ ಕೈ ನಿಂತಿತು. ಆಗ ಅವನು ತಲೆಯೆತ್ತಿ ಮೇಲಿನ ತಂತಿ ನೋಡಿದ. ಇಷ್ಟು ದಿನ ಆ ಊರಿನಲ್ಲಿ ಒಬ್ಬ ದೊಡ್ಡ ಮನುಷ್ಯನೂ ನೋಡದ ತಂತಿಯನ್ನು ಅವನು ಬಹಳ ಹೊತ್ತು ನೋಡಿದ. ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿಯಿತು. ಕೈ ಹಿಂದಕ್ಕೆ ಬಂತು. ಧೋತರಕ್ಕೆ ಒರೆಸಿಕೊಂಡ, ಏನನ್ನೋ ಮುಟ್ಟಿದವನ ಹಾಗೆ. ಮುಟ್ಟಿರಲಿಲ್ಲ.

ಊರೆಲ್ಲ ನೋಡಿತು. ಕಟ್ಟೆಯ ಮೇಲಿನವರು ನೋಡಿದರು. ಈ ಸಲ ಕಟ್ಟೆ ನಗಲಿಲ್ಲ.

"ಹಂಗಾರ ಅವತ್ತೂ ಇತ್ತು," ಎಂದಳು ದುರುಗಮ್ಮ.

ಅವಳು ಅಳಲಿಲ್ಲ. ತಿರುಗಿ ಅಗಸಿಯ ಕಡೆ ನಡೆದಳು. ಕರಿಸಿದ್ದಪ್ಪ ಸಲಿಕೆಯನ್ನು ಮಣ್ಣಿಗೆ ಚುಚ್ಚಿ ಅವಳ ಹಿಂದೆ ಹೊರಟ. ಗಂಡಸರು ಹೊರಟರು, ಮೈಮೇಲಿನ ಹೊಟ್ಟು ಜಾಡಿಸಿಕೊಳ್ಳುತ್ತ ಹೆಂಗಸರು ಹೊರಟರು. ಗುರುಸಂಗಪ್ಪ, ನಾಳೆಯಿಂದ ಒಬ್ಬರಿಗೂ ಕೆಲಸವಿಲ್ಲ ಎಂದು ಕೂಗಿದ. ಯಾರೂ ತಿರುಗದಿದ್ದಾಗ, ಎಲ್ಲಿಗೆ ಹೊಂಟ್ರಿ ಎಂದು ದನಿ ತಗ್ಗಿಸಿ ಕೇಳಿದ.

"ಹಡಗಲಿ ಸ್ಟೇಷನ್ನಿಗೆ," ಎಂದಳು ದುರುಗಮ್ಮ. "ಹೋದ ಸಲ ಅವರು ಇಲ್ಲಿ ಬಂದು ಹೋಳಿಗಿ ಉಂಡು ಹೋದ್ರು. ಈ ಸಲ ನಾವ ಹೋಗಿ ಅವರ ಬಾಗಿಲಾಗ ಕುಂದ್ರತೀವಿ. ನನ್ನ ಗಂಡಗ ಹೊಡೆದದ್ದು ಉಳಿದ ಕರೆಂಟಲ್ಲ ಅಂತ ಬರಕೊಳ್ಳೋತನಕ ಏಳೂದಿಲ್ಲ."

ಕ್ರೇನಿನ ಎಂಜಿನ್ನು ನಿಂತಿತು. ಬೊಮ್ಮಯ್ಯ ಪೈಪನ್ನು ನೆಲಕ್ಕಿಳಿಸಿ ಕೆಳಗೆ ಹಾರಿ ಓಡಿ ಬಂದ. ಇಷ್ಟು ದಿನ ಇದೇ ಜನರ ನಡುವೆ ದುಡಿದು, ಊಟದ ಹೊತ್ತಿಗೆ ಮಾತ್ರ ದೂರ ಹೋಗಿ ಬೇರೆ ನೆರಳಿನಲ್ಲಿ ಕೂರುತ್ತಿದ್ದವನು. ಏದುಸಿರು ಬಿಡುತ್ತ ಅವಳ ಮುಂದೆ ನಿಂತ.

"ನಾನೂ ಬರ್ತೀನಿ ದುರುಗಮ್ಮಾ. ತಂತಿಯಿಂದ ಕಿಡಿ ಹಾರಿದ್ದು ನಾ ಕಣ್ಣಾರೆ ನೋಡೀನಿ. ಅಲ್ಲಿ ಹೇಳ್ತೀನಿ."

ಅವಳು ಅವನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಅವತ್ತ ಹೇಳಬೇಕಿತ್ತು," ಎಂದಳು. "ಬಾ. ಹಿಂದಿಂದ ಬಾ."

ಕೇರಿ ಮುಂದೆ ನಡೆಯಿತು. ಬೊಮ್ಮಯ್ಯ ಎಲ್ಲರೂ ದಾಟುವ ತನಕ ದಾರಿಯ ಬದಿಗೆ ನಿಂತಿದ್ದು, ಆಮೇಲೆ ಹಿಂದಿನಿಂದ ನಡೆದ.